ಬುದ್ಧಿಭ್ರಮಣೆಯೂ ಕಾಯಿದೆಯೂ

ಮಾರಿಕುಪ್ಪಂ ರೈಲುದಾರಿಯ ಕೊನೆಯ ನಿಲ್ದಾಣ. ಬೆಂಗಳೂರಿಗೆ ಹೊರಡುವವರಿಗೆ ಅದೇ ಮೊದಲನೆಯದು. ಬೌರಿಂಗ್‌ಪೇಟೆ ಎಂಬ ಹೆಸರು ಬಂಗಾರಪೇಟೆಯಾಗಿ, ಚಿನ್ನದ ಗಣಿಗಳು ೨೦೦೧ರ ಫೆಬ್ರವರಿಯಲ್ಲಿ ಮುಚ್ಚಿಹೋಗಿ, ಸೈರನ್ನಿನ ಕೂಗು ನಿಂತರೂ ಬೆಳಗಿನ ರೈಲು ಮಾತ್ರ ನಿಂತಿಲ್ಲ. ನಾನು ಚಿಕ್ಕವನಾಗಿದ್ದಾಗ ನಮ್ಮ ಬೀದಿಯಲ್ಲಿ “ಅವರನ್ನು ಬೆಂಗಳೂರಿಗೆ ಕರೆದುಕೊಂಡು ಹೋದರಂತೆ” ಎಂದು ಯಾರಾದರೂ ದನಿ ತಗ್ಗಿಸಿ ಹೇಳಿದರೆ ಅದಕ್ಕೆ ಒಂದೇ ಅರ್ಥ. ಮುಂದಕ್ಕೆ ಯಾರೂ ಕೇಳುತ್ತಿರಲಿಲ್ಲ.

೧೯೮೧ರಲ್ಲಿ ಹಾಗೆ ಹೋದವರು ನನ್ನ ಸೋದರಮಾವ. ಗಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು, ಮದುವೆಯಾಗಿರಲಿಲ್ಲ, ಅಕ್ಷರ ಮುತ್ತಿನಂತೆ. ನೆಲದ ಕೆಳಗಿನಿಂದ ಯಾರೋ ತಮ್ಮನ್ನು ಹೆಸರು ಹಿಡಿದು ಕರೆಯುತ್ತಿದ್ದಾರೆಂದು ಅವರಿಗೆ ಅನ್ನಿಸತೊಡಗಿತು. ರಾತ್ರಿ ಎದ್ದು ಗಣಿಯ ಬಾಯಿಯ ಕಡೆಗೆ ನಡೆಯುವರು. ಎರಡು ಸಲ ಕಾವಲುಗಾರರು ಕರೆತಂದು ಬಿಟ್ಟರು. ಮೂರನೆಯ ಸಲಕ್ಕೆ ನಮ್ಮ ತಾಯಿ ಅವರನ್ನು ಉಗ್ರಾಣದ ಕೋಣೆಗೆ ಸೇರಿಸಿ ಬೀಗ ಹಾಕಿದರು. ಮಂತ್ರ, ತಾಯಿತ, ತಲೆಗೆ ಎಣ್ಣೆ ಎಲ್ಲವೂ ಆದ ಮೇಲೆ ಒಂದು ಬೆಳಗ್ಗೆ ಅವರ ಎರಡೂ ಮಣಿಕಟ್ಟುಗಳನ್ನು ಅಂಗವಸ್ತ್ರದಿಂದ ಕಟ್ಟಿ, ಅದರ ಮೇಲೊಂದು ಶಾಲು ಹೊದಿಸಿ, ರೈಲು ಹತ್ತಿಸಿದರು. ನಾನೂ ಜೊತೆಯಲ್ಲಿದ್ದೆ. ಕಿಟಕಿಯ ಪಕ್ಕದ ಜಾಗವನ್ನು ನನಗೆ ಬಿಟ್ಟುಕೊಟ್ಟವರು ಅವರೇ.

ಜ್ವರ ಬಂದವನನ್ನು ಆಸ್ಪತ್ರೆಗೆ ಸೇರಿಸಲು ನ್ಯಾಯಾಧೀಶರ ಆಜ್ಞೆ ಬೇಡ. ಕಳ್ಳನನ್ನು ಸೆರೆಗೆ ಹಾಕಬೇಕಾದರೆ ಅವನು ಕದ್ದದ್ದು ರುಜುವಾತಾಗಬೇಕು. ಬುದ್ಧಿ ಕೆಟ್ಟವನೆಂದು ಹೆಸರಾದವನೊಬ್ಬನು ಮಾತ್ರ ರೋಗಿಯೂ ಹೌದು, ಸೆರೆಯಾಳೂ ಹೌದು. ಕದ್ದಿಲ್ಲ, ಕೊಂದಿಲ್ಲ, ಆದರೂ ಬಾಗಿಲಿಗೆ ಬೀಗ. ‘ನನಗೆ ಔಷಧ ಬೇಡ’ ಎಂದರೆ ಆ ಮಾತನ್ನೇ ರೋಗದ ಲಕ್ಷಣವೆಂದು ಎಣಿಸುವುದುಂಟು. ಇಂಥವನ ಮೇಲೆ ಕೈಯಿಡುವ ಅಧಿಕಾರ ಯಾರದು, ಎಷ್ಟು ದಿನದ್ದು, ಯಾರಿಗೆ ಲೆಕ್ಕ ಒಪ್ಪಿಸಿ? ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಳೆಯದರಿಂದಲೇ ಪ್ರಾರಂಭಿಸೋಣ, ಪಂಡಿತ ಪರೀಕ್ಷೆಗೆ ಓದಿದವನ ಚಾಪಲ್ಯವೆಂದು ಕ್ಷಮಿಸಬೇಕು. ಹಿಂದೂ ದಾಯಭಾಗದ ವಿಷಯದಲ್ಲಿ ಭರತಖಂಡದ ಬಹುಭಾಗಕ್ಕೆ ಪ್ರಮಾಣವಾದ ‘ಮಿತಾಕ್ಷರ’ ಹುಟ್ಟಿದ್ದು ಕನ್ನಡ ನೆಲದಲ್ಲಿ, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಬರೆದವನು ವಿಜ್ಞಾನೇಶ್ವರ. ಯಾಜ್ಞವಲ್ಕ್ಯ ಸ್ಮೃತಿ ಉನ್ಮತ್ತನನ್ನೂ ಜಡನನ್ನೂ ಕುರುಡ, ಕುಂಟ ಮುಂತಾದವರೊಡನೆ ಸೇರಿಸಿ ಅವರಿಗೆ ಆಸ್ತಿಯಲ್ಲಿ ಭಾಗವಿಲ್ಲವೆನ್ನುತ್ತದೆ. ಆದರೆ ಅವರನ್ನು ಸಾಕಿ ಸಲಹತಕ್ಕದ್ದೆಂದೂ ಹೇಳುತ್ತದೆ. ವಿಜ್ಞಾನೇಶ್ವರ ಇಲ್ಲಿ ಒಂದು ಹೆಜ್ಜೆ ಮುಂದಿಟ್ಟಿದ್ದಾನೆ. ಭಾಗವಾದ ಮೇಲೆ ಔಷಧಾದಿಗಳಿಂದ ದೋಷ ಹೋಯಿತೆನ್ನಿ, ಆಗ ಅವನಿಗೆ ಭಾಗ ಬರುತ್ತದೆ, ವಿಭಾಗವಾದ ಬಳಿಕ ಹುಟ್ಟಿದ ಮಗನಿಗೆ ಬರುವ ಹಾಗೆಯೇ ಎಂಬುದು ಅವನ ಮತ. ರೋಗ ವಾಸಿಯಾಗುವಂಥದು, ವಾಸಿಯಾದವನು ಮೊದಲಿನ ಮನುಷ್ಯನೇ ಎಂಬ ತಿಳಿವಳಿಕೆ ಒಂಬೈನೂರು ವರ್ಷಗಳ ಹಿಂದಿನ ವ್ಯಾಖ್ಯಾನಕಾರನಿಗಿತ್ತು. ಆಸ್ತಿಯ ಈ ಅನರ್ಹತೆ ಪೂರ್ತಿ ತೊಲಗಿದ್ದು ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ.

ವೈದ್ಯಶಾಸ್ತ್ರ ಇಷ್ಟು ಮೃದುವಾಗಿರಲಿಲ್ಲ. ಚರಕಸಂಹಿತೆಯ ಉನ್ಮಾದಚಿಕಿತ್ಸೆಯಲ್ಲಿ ಇಷ್ಟವಸ್ತುವನ್ನು ಕಳೆದುಕೊಂಡವನಿಗೆ ಸಮಾಧಾನದ ಮಾತು ಹೇಳಿ ಅಂಥದೇ ವಸ್ತುವನ್ನು ಕೊಡಿಸುವ ಉಪಾಯವೂ ಇದೆ. ಕಟ್ಟಿಹಾಕಿ ಕತ್ತಲೆಯ ಕೋಣೆಯಲ್ಲಿಡುವುದು, ಹಲ್ಲು ಕಿತ್ತ ಹಾವನ್ನು ತೋರಿಸಿ ಹೆದರಿಸುವುದು ಮುಂತಾದವೂ ಇವೆ. ರೋಗಿಯ ಒಪ್ಪಿಗೆಯ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಆಗಿನ ಕಾಲಕ್ಕೆ ಅದು ಬೇರೆ ಯಾವ ದೇಶದಲ್ಲಿಯೂ ಎದ್ದಿರಲಿಲ್ಲವೆನ್ನಿ. ನಮ್ಮ ಜನರ ಮಾತಿನಲ್ಲಿ ಮಾತ್ರ ಹುಚ್ಚಿಗೆ ಎರಡು ಮುಖ. ‘ಹುಚ್ಚ’ ಎಂದು ಕಲ್ಲೆಸೆಯುವುದೂ ಉಂಟು. ಮಗುವಿಗೆ ‘ಮರುಳಸಿದ್ಧ’ನೆಂದು ಹೆಸರಿಟ್ಟು ಕೈಮುಗಿಯುವುದೂ ಉಂಟು.

ಇಂಗ್ಲಿಷರ ಕಾಯಿದೆ ಹುಟ್ಟಿದ್ದು ಬೇರೆ ಬೇರಿನಿಂದ. ಅಲ್ಲಿ ಹದಿನೆಂಟನೆಯ ಶತಮಾನದಲ್ಲಿ ಖಾಸಗಿ ಹುಚ್ಚಾಸ್ಪತ್ರೆಗಳ ವ್ಯಾಪಾರ ಬೆಳೆದು, ಬೇಡವಾದ ಹೆಂಡತಿಯನ್ನೋ ಆಸ್ತಿಯುಳ್ಳ ಅಣ್ಣನನ್ನೋ ಹಣ ಕೊಟ್ಟು ಒಳಗೆ ಹಾಕಿಸುವ ಗುಮಾನಿ ಎಲ್ಲೆಡೆ ಹಬ್ಬಿತು. ೧೭೭೪ರಲ್ಲಿ ಈ ಮನೆಗಳಿಗೆ ಲೈಸೆನ್ಸು ವಿಧಿಸಿದರು. ೧೮೯೦ರ ಕಾಯಿದೆಯಲ್ಲಿ ಹಣವುಳ್ಳ ರೋಗಿಗಳ ವಿಷಯದಲ್ಲಿಯೂ ನ್ಯಾಯಾಧಿಕಾರಿಯ ಆಜ್ಞೆಯಿಲ್ಲದೆ ಬಂಧಿಸಕೂಡದೆಂದರು. ಅಂದರೆ ಬಂಧುಗಳ ಮೇಲಿನ ಅಪನಂಬಿಕೆಯೇ ಆ ಕಾಯಿದೆಗಳ ತಾಯಿಬೇರು. ಬಂಧುಗಳು ಸಾಕತಕ್ಕದ್ದೆಂದ ನಮ್ಮ ಸ್ಮೃತಿಗೂ, ಬಂಧುಗಳನ್ನು ಸಂದೇಹಿಸಿದ ಆ ಶಾಸನಕ್ಕೂ ಇರುವ ಅಂತರವನ್ನು ಗಮನಿಸಿ. ಎರಡರಲ್ಲಿಯೂ ಸತ್ಯವಿದೆ ಎಂಬುದೇ ಇಲ್ಲಿಯ ತೊಡಕು.

ಕಂಪನಿ ಸರ್ಕಾರದಿಂದ ರಾಣಿಯ ಕೈಗೆ ರಾಜ್ಯಭಾರ ಹೋದ ೧೮೫೮ರಲ್ಲಿಯೇ ಬ್ರಿಟಿಷ್ ಇಂಡಿಯಾಕ್ಕೆ ಇಂಥ ಮೂರು ಕಾಯಿದೆಗಳಾದವು. ಎರಡು ಆಸ್ತಿಯ ವಿಚಾರಕ್ಕೆ, ಮೂರನೆಯದು ಆಶ್ರಮಗಳಿಗೆ. ಬೆಂಗಳೂರಿನ ಹುಚ್ಚಾಸ್ಪತ್ರೆ ಅದಕ್ಕೂ ಹಳೆಯದು. ಅದರ ಚರಿತ್ರೆಯನ್ನು ೧೮೪೭ರಿಂದ ಎಣಿಸುತ್ತಾರೆ. ಆಗ ಮೈಸೂರು ಕಮಿಷನರರ ಆಡಳಿತದಲ್ಲಿತ್ತು. ಬಂಗಾರಪೇಟೆಗೆ ಹಳೆಯ ಹೆಸರನ್ನು ಕೊಟ್ಟ ಲೆವಿನ್ ಬೌರಿಂಗ್ ಆಮೇಲೆ, ೧೮೬೨ರಲ್ಲಿ ಬಂದವನು.

ಈಗ ೧೯೧೨ರ ‘ಇಂಡಿಯನ್ ಲೂನಸಿ ಆಕ್ಟ್’. ಲೂನಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಚಂದ್ರ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಹುಚ್ಚು ಕೆರಳುತ್ತದೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದನ್ನು ಮೂಢನಂಬಿಕೆಯೆಂದು ನಕ್ಕವರು ತಮ್ಮ ಕಾಯಿದೆಯ ಹೆಸರಿನಲ್ಲಿಯೇ ಆ ನಂಬಿಕೆಯನ್ನು ಅಚ್ಚುಹಾಕಿಸಿದ್ದರು. ಇರಲಿ. ಈ ಕಾಯಿದೆ ಎಂಬತ್ತು ವರ್ಷ ಬಾಳಿತು. ಸ್ವಾತಂತ್ರ್ಯ ಬಂದು, ಸಂವಿಧಾನ ಬಂದು, ಮೈಸೂರು ಸಂಸ್ಥಾನ ಹೋಗಿ ಕರ್ನಾಟಕವಾದ ಮೇಲೂ ಅದು ಕದಲಲಿಲ್ಲ. ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಆ ಕಾಯಿದೆಯ ಪ್ರಕಾರ ರೋಗಿಯನ್ನು ಒಳಗೆ ಸೇರಿಸಲು ಮುಖ್ಯವಾಗಿ ಎರಡು ದಾರಿ. ಮೊದಲನೆಯದು ಅರ್ಜಿಯ ದಾರಿ. ಗಂಡ ಅಥವಾ ಹೆಂಡತಿ, ಇಲ್ಲದಿದ್ದರೆ ಬೇರೆ ಬಂಧು, ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬೇಕು. ಅರ್ಜಿದಾರನು ಪ್ರಾಪ್ತವಯಸ್ಕನಾಗಿರಬೇಕು, ಅರ್ಜಿಯ ಹಿಂದಿನ ಹದಿನಾಲ್ಕು ದಿನಗಳೊಳಗೆ ರೋಗಿಯನ್ನು ಕಣ್ಣಾರೆ ಕಂಡಿರಬೇಕು. ಇಬ್ಬರು ವೈದ್ಯರ ಎರಡು ಸರ್ಟಿಫಿಕೇಟುಗಳು ಜೊತೆಗಿರಬೇಕು. ಮ್ಯಾಜಿಸ್ಟ್ರೇಟರು ಅರ್ಜಿಯನ್ನು ಬಹಿರಂಗವಾಗಿ ಅಲ್ಲದೆ ಗೋಪ್ಯವಾಗಿ ವಿಚಾರಿಸಿ ಆಜ್ಞೆ ಮಾಡುವರು. ಎರಡನೆಯದು ಪೊಲೀಸಿನ ದಾರಿ. ಠಾಣೆಯ ಅಧಿಕಾರಿ ಬೀದಿಯಲ್ಲಿ ಅಲೆಯುವ ಬುದ್ಧಿಭ್ರಮಿತನನ್ನು ಹಿಡಿಯಬಹುದು. ಅಪಾಯಕಾರಿಯೆಂದು ತೋರಿದರೆ ಹಿಡಿಯಲೇಬೇಕು. ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವೈದ್ಯರ ವರದಿ ಬರುವವರೆಗೆ ಹತ್ತು ಹತ್ತು ದಿನಗಳಂತೆ, ಒಟ್ಟು ಮೂವತ್ತು ದಿನ ಮೀರದಂತೆ, ಇಟ್ಟುಕೊಳ್ಳಬಹುದಿತ್ತು. ಕಾಯಿದೆಯ ಭಾಷೆಯಲ್ಲಿ ಇದು ಹಿಡಿಯುವುದೇ, ದಸ್ತಗಿರಿಯೇ.

ಮೂರನೆಯದೊಂದು ಕಿರುಬಾಗಿಲೂ ಇತ್ತು. ತಾನೇ ಬಂದು ಸೇರುವವನಿಗೆ ಇಬ್ಬರು ‘ವಿಸಿಟರು’ಗಳ ಸಮ್ಮತಿ ಬೇಕಾಗಿತ್ತು, ಅವನು ಹೊರಡುತ್ತೇನೆಂದು ಬರೆದುಕೊಟ್ಟರೆ ಇಪ್ಪತ್ತನಾಲ್ಕು ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿರಲಿಲ್ಲ. ಈ ವಿಸಿಟರುಗಳು ಸರ್ಕಾರ ನೇಮಿಸಿದ ಸಂದರ್ಶಕರು, ಕಡಮೆಯೆಂದರೆ ಮೂವರು, ಅವರಲ್ಲೊಬ್ಬ ವೈದ್ಯ. ಒಳಗಿದ್ದವನನ್ನು ಬಿಡುಗಡೆ ಮಾಡುವ ಅಧಿಕಾರವೂ ಅವರಲ್ಲಿತ್ತು. ಕಾಗದದ ಮೇಲೆ ಒಳ್ಳೆಯ ಏರ್ಪಾಡು. ಆದರೆ ಬಂಧುಗಳೇ ತಿರುಗಿ ನೋಡದವನ ಪರವಾಗಿ ಯಾರು ನೆನಪು ಮಾಡಬೇಕು? ಇಷ್ಟು ದಿನದ ಮೇಲೆ ಆಜ್ಞೆ ತಾನಾಗಿ ತೀರುತ್ತದೆ ಎಂಬ ಮಾತು ಆ ಕಾಯಿದೆಯಲ್ಲಿರಲಿಲ್ಲ. ಕೊಲೆಗಾರನಿಗಾದರೂ ಶಿಕ್ಷೆಯ ವರ್ಷಗಳ ಲೆಕ್ಕವಿರುತ್ತದೆ.

ನಮ್ಮ ತಾಯಿ ಹಿಡಿದದ್ದು ಅರ್ಜಿಯ ದಾರಿ. ವಕೀಲರ ಗುಮಾಸ್ತನು ಟೈಪು ಮಾಡಿಸಿ ತಂದ ಕಾಗದ ಇಂಗ್ಲಿಷಿನಲ್ಲಿತ್ತು. ಆಕೆ ಓದಿದ್ದು ಕನ್ನಡ ನಾಲ್ಕನೆಯ ತರಗತಿ. ಎಲ್ಲಿ ಸಹಿ ಹಾಕಬೇಕೆಂದು ಅವನು ಬೆರಳು ತೋರಿಸಿದ. ಆಕೆ ಕನ್ನಡದಲ್ಲಿ ಸಹಿ ಹಾಕಿದರು. ಆ ಕಾಗದದಲ್ಲಿ ತಮ್ಮನನ್ನು ಯಾವ ಶಬ್ದದಿಂದ ಕರೆದಿದೆ ಎಂಬುದು ಆಕೆಗೆ ಗೊತ್ತಿರಲಿಲ್ಲ. ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ, ಟ್ರಂಕಿನಲ್ಲಿದ್ದ ಅದರ ನಕಲನ್ನು ಓದಿದಾಗ.

ಇತ್ತ ಬೆಂಗಳೂರಿನ ಆಸ್ಪತ್ರೆಯ ಕಡೆಗೆ ತಿರುಗೋಣ. ದೇಶೀಯ ಸಂಸ್ಥಾನವಾಗಿದ್ದ ಮೈಸೂರು ಈ ವಿಷಯದಲ್ಲಿ ಬ್ರಿಟಿಷ್ ಪ್ರಾಂತಗಳಿಗಿಂತ ಹಿಂದಿರಲಿಲ್ಲ. ೧೯೨೫ರಲ್ಲಿ ‘ಲುನಾಟಿಕ್ ಅಸೈಲಂ’ ಎಂಬ ಹೆಸರನ್ನು ತೆಗೆದು ‘ಮೆಂಟಲ್ ಹಾಸ್ಪಿಟಲ್’ ಎಂದು ಕರೆದರು. ಡಾ. ಫ್ರಾಂಕ್ ನೊರೋನ್ಹ ಅವರು ಮೇಲ್ವಿಚಾರಕರಾಗಿದ್ದ ಕಾಲ. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ೧೯೩೦ರ ದಶಕದಲ್ಲಿ, ಊರ ಹೊರಗೆ ಹೊಸೂರು ರಸ್ತೆಯ ಕಡೆ ವಿಶಾಲವಾದ ಹೊಸ ಕಟ್ಟಡಗಳೆದ್ದವು. ಅನಂತರ ಬಂದ ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದನ್ನು ಬಂದಿಖಾನೆಯ ಸ್ವರೂಪದಿಂದ ವಿದ್ಯಾಸಂಸ್ಥೆಯ ಸ್ವರೂಪಕ್ಕೆ ತಂದರು. ೧೯೫೪ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾದಾಗ ಅವರೇ ಅದರ ನಿರ್ದೇಶಕರು. ೧೯೭೪ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ಇಂದು ಎಲ್ಲರೂ ಬಲ್ಲ ನಿಮ್ಹಾನ್ಸ್ ಆಯಿತು. ಬಾನುಲಿ ಕೇಳುವವರಿಗಾಗಿ ಒಂದು ಮಾತು ಸೇರಿಸುತ್ತೇನೆ: ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಪ್ರಾರಂಭಿಸಿ ‘ಆಕಾಶವಾಣಿ’ ಎಂಬ ಹೆಸರನ್ನು ನಮಗೆ ಕೊಟ್ಟ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಹೆಸರುಗಳು ಹತ್ತಿರವಾದ್ದರಿಂದ ಇವರನ್ನು ಅವರೆಂದು ತಿಳಿಯುವುದುಂಟು. ಬೇರೆ ಬೇರೆ ವ್ಯಕ್ತಿಗಳು.

ಆ ಕಾಲದಲ್ಲಿಯೇ ಚಿಕಿತ್ಸೆಯ ರೀತಿ ಬದಲಾಯಿತು. ಇನ್ಸುಲಿನ್ ಕೊಟ್ಟು ಎಚ್ಚರ ತಪ್ಪಿಸುವುದು, ಕಾರ್ಡಿಯಜಾಲ್ ಸೂಜಿಮದ್ದು, ೧೯೩೮ರಲ್ಲಿ ರೋಮ್ ನಗರದಲ್ಲಿ ಮೊದಲಾದ ವಿದ್ಯುತ್ ಚಿಕಿತ್ಸೆ, ಮಿದುಳಿನ ಎಳೆಗಳನ್ನು ಕತ್ತರಿಸುವ ಶಸ್ತ್ರಕ್ರಿಯೆ, ಇವೆಲ್ಲ ಒಂದರ ಹಿಂದೊಂದು ಬಂದವು. ಕೊನೆಯದಕ್ಕೆ ೧೯೪೯ರಲ್ಲಿ ನೊಬೆಲ್ ಪಾರಿತೋಷಕವೇ ದೊರೆಯಿತು. ಇಂದು ಅದನ್ನು ನೆನೆದು ವೈದ್ಯರೇ ತಲೆತಗ್ಗಿಸುತ್ತಾರೆ. ನಮ್ಮ ಸರ್ಪಗಂಧಿಯ ಬೇರು ಉನ್ಮಾದಕ್ಕೆ ಉಪಯುಕ್ತವೆಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಅವರು ೧೯೩೧ರಲ್ಲಿ ಪ್ರಕಟಿಸಿದ್ದರು. ೧೯೫೨ರಲ್ಲಿ ಫ್ರಾನ್ಸಿನಿಂದ ಕ್ಲೋರ್‌ಪ್ರೊಮಜೀನ್ ಬಂದ ಮೇಲೆ ಮಾತ್ರೆಯಿಂದಲೇ ಅನೇಕರು ಮನೆಗೆ ಮರಳುವಂತಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿ ಇಷ್ಟು: ೧೯೧೨ರ ಕಾಯಿದೆ ಒಳಗೆ ಸೇರಿಸುವ ವಿಷಯವನ್ನು ಎಳೆ ಎಳೆಯಾಗಿ ಬಿಡಿಸಿ ಹೇಳಿತು, ಒಳಗೆ ಸೇರಿದ ಮೇಲೆ ಯಾವ ಚಿಕಿತ್ಸೆಯನ್ನು ಒಪ್ಪಿಗೆ ಕೇಳದೆ ಮಾಡಬಾರದೆಂಬ ವಿಷಯದಲ್ಲಿ ಮೌನವಾಗಿತ್ತು. ಬಾಗಿಲಿನ ಹೊರಗಡೆ ಮ್ಯಾಜಿಸ್ಟ್ರೇಟರು. ಒಳಗಡೆ ವೈದ್ಯರ ವಿವೇಕವೊಂದೇ.

ಒಳಗೆ ಜಾಗವೂ ಇರಲಿಲ್ಲ. ೧೯೪೬ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯ ಲೆಕ್ಕದಂತೆ ಈ ದೇಶದಲ್ಲಿ ಸುಮಾರು ೪೦,೦೦೦ ಜನರಿಗೆ ಒಂದು ಹಾಸಿಗೆ. ಇಂಗ್ಲೆಂಡಿನಲ್ಲಿ ಸುಮಾರು ೩೦೦ ಜನರಿಗೆ ಒಂದು. ಹಾಸಿಗೆ ಸಿಕ್ಕದ ಬಡವರು ಎಲ್ಲಿಗೆ ಹೋಗಬೇಕು? ಜೈಲಿಗೆ. ಅಪರಾಧವೇನನ್ನೂ ಮಾಡದವರು ‘ಸುರಕ್ಷಿತವಾಗಿಡಲು’ ಎಂಬ ಷರಾದ ಮೇಲೆ ಜೈಲಿನ ಕೋಣೆಗಳಲ್ಲಿ ಕೊಳೆತರು. ಬಿಹಾರದ ಹಜಾರಿಬಾಗ್ ಜೈಲಿನಲ್ಲಿ ಹೀಗೆ ದಶಕಗಟ್ಟಲೆ, ಚಿತ್ತ ಸ್ವಸ್ಥವಾದ ಮೇಲೂ, ಇದ್ದವರ ಸಂಗತಿ ವೀಣಾ ಸೇಠಿ ಪ್ರಕರಣದಲ್ಲಿ ೧೯೮೨ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ೧೯೯೩ರಲ್ಲಿ ಶೀಲಾ ಬರ್ಸೆಯವರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ, ಅಪರಾಧಿಗಳಲ್ಲದ ಮನೋರೋಗಿಗಳನ್ನು ಜೈಲಿಗೆ ಸೇರಿಸುವುದು ಕಾಯಿದೆಗೂ ಸಂವಿಧಾನಕ್ಕೂ ವಿರುದ್ಧವೆಂದು ತೀರ್ಪಿತ್ತಿತು.

ಅದೇ ೧೯೯೩ರ ಏಪ್ರಿಲ್ ೧ರಂದು ಹಳೆಯ ಕಾಯಿದೆ ಹೋಗಿ ಹೊಸದು ಜಾರಿಗೆ ಬಂತು. ಪಾರ್ಲಿಮೆಂಟು ಅದನ್ನು ಮಾಡಿದ್ದು ೧೯೮೭ರಲ್ಲಿ. ಜಾರಿಗೆ ತರಲು ಆರು ವರ್ಷ. ‘ಹುಚ್ಚ’ ಹೋಗಿ ‘ಮನೋರೋಗಿ’ ಬಂದ. ತಾನೇ ಬಂದು ಸೇರುವವನಿಗೆ ಬಾಗಿಲು ಅಗಲವಾಯಿತು. ಬಂಧುವೋ ಮಿತ್ರನೋ ಎರಡು ವೈದ್ಯ ಪತ್ರಗಳೊಡನೆ ಕರೆತಂದರೆ ಮ್ಯಾಜಿಸ್ಟ್ರೇಟರ ಆಜ್ಞೆಯಿಲ್ಲದೆ ತೊಂಬತ್ತು ದಿನಗಳವರೆಗೆ ಸೇರಿಸಿಕೊಳ್ಳಬಹುದಾಯಿತು. ಪೊಲೀಸರು ಹಿಡಿದವನನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಾಯಿತು. ನ್ಯಾಯಾಧೀಶರ ಕೈಯಿಂದ ಭಾರ ವೈದ್ಯರ ಕೈಗೆ ಸರಿಯಿತು ಎನ್ನಬಹುದು. ಸ್ವತಃ ರೋಗಿಯ ಕೈಗೆ ಬಂದದ್ದು ಅಲ್ಪವೇ.

ಕಾಯಿದೆಯ ಕಣ್ಣು ತಲುಪದ ಜಾಗಗಳೂ ಇದ್ದವು. ೨೦೦೧ರ ಆಗಸ್ಟ್ ೬ರಂದು ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ‘ಮನೆ’ಗಳಲ್ಲೊಂದಕ್ಕೆ ಬೆಳಗಿನ ಜಾವ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಣಿಯಿಂದ ಕಟ್ಟಿದ್ದರು. ಇಪ್ಪತ್ತೆಂಟು ಜನ ಸತ್ತರು. ನಮ್ಮ ಗಣಿಯ ಊರುಗಳಲ್ಲಿ ತಮಿಳು ಮನೆಮಾತಿನವರೇ ಹೆಚ್ಚು. ಪತ್ರಿಕೆಯಲ್ಲಿ ಆ ಸುದ್ದಿಯನ್ನು ಅವರು ಓದುವಾಗ ನಾನು ಚಹಾದಂಗಡಿಯಲ್ಲಿದ್ದೆ. ಅಲ್ಲಿ ಯಾರೂ ಮಾತನಾಡಲಿಲ್ಲ. ನನಗೆ ನೆನಪಾದದ್ದು ನಮ್ಮ ಮನೆಯ ಉಗ್ರಾಣದ ಬೀಗ. ಆ ಬೀಗದ ಕೈ ತಾಯಿಯ ಸೆರಗಿನ ತುದಿಯಲ್ಲಿರುತ್ತಿತ್ತು; ಆಕೆ ನೀರಿಗೆ ಹೋದಾಗ ಒಲೆಯ ಕಿಡಿ ಹಾರಿದ್ದರೆ ಎಂದು ಆ ದಿನ ಮೊದಲ ಬಾರಿಗೆ ಯೋಚಿಸಿದೆ.

ಭಾರತವು ೨೦೦೭ರಲ್ಲಿ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಅದಕ್ಕೆ ಅನುಗುಣವಾಗಿ ಬಂದದ್ದು ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ. ಜಾರಿಯಾದದ್ದು ೨೦೧೮ರ ಮೇ ೨೯ರಂದು. ಇದರಲ್ಲಿ ಮಾತಿನ ಮೊದಲೇ ತಿರುಗಿದೆ. ರೋಗವಿದೆಯೆಂದ ಮಾತ್ರಕ್ಕೆ ತಿಳಿವಳಿಕೆ ಇಲ್ಲವೆಂದು ಎಣಿಸಕೂಡದು. ಸ್ವಸ್ಥನಾಗಿರುವಾಗಲೇ ‘ನನಗೆ ಮುಂದೆ ಹೀಗಾದರೆ ಇಂಥ ಚಿಕಿತ್ಸೆ ಬೇಕು, ಇಂಥದು ಬೇಡ’ ಎಂದು ಮುಂಗಡವಾಗಿ ಬರೆದಿಡಬಹುದು. ತನ್ನ ಪರವಾಗಿ ಮಾತನಾಡಲು ಒಬ್ಬ ಪ್ರತಿನಿಧಿಯನ್ನು ತಾನೇ ಹೆಸರಿಸಬಹುದು. ಅವನು ಬಂಧುವೇ ಆಗಬೇಕೆಂದಿಲ್ಲ.

ಒಪ್ಪಿಗೆಯಿಲ್ಲದೆ ಸೇರಿಸುವುದು ಇನ್ನೂ ಇದೆ. ಅದಕ್ಕೆ ‘ಬೆಂಬಲಿತ ದಾಖಲಾತಿ’ ಎಂಬ ಸೌಮ್ಯವಾದ ಹೆಸರು. ಪ್ರತಿನಿಧಿಯ ಅರ್ಜಿ ಬೇಕು. ಮನೋವೈದ್ಯರೊಬ್ಬರೂ ಇನ್ನೊಬ್ಬ ತಜ್ಞರೂ ಬೇರೆ ಬೇರೆಯಾಗಿ ಪರೀಕ್ಷಿಸಿ, ತನಗೋ ಇತರರಿಗೋ ಅಪಾಯವಿದೆ ಅಥವಾ ತನ್ನನ್ನು ತಾನು ನೋಡಿಕೊಳ್ಳಲಾರ ಎಂದು ಕಾಣಬೇಕು. ಅವಧಿ ಮೂವತ್ತು ದಿನ. ಜಿಲ್ಲೆಯ ಪುನರ್ವಿಮರ್ಶೆ ಮಂಡಲಿಗೆ ಏಳು ದಿನದೊಳಗೆ, ಹೆಂಗಸಾಗಲಿ ಮಗುವಾಗಲಿ ಆದರೆ ಮೂರು ದಿನದೊಳಗೆ, ತಿಳಿಸಬೇಕು. ಮುಂದುವರಿಸಬೇಕಾದರೆ ಇಬ್ಬರು ಮನೋವೈದ್ಯರು ಬೇಕು. ಮೊದಲು ತೊಂಬತ್ತು ದಿನ, ಆಮೇಲೆ ನೂರ ಇಪ್ಪತ್ತು, ಆಮೇಲೆ ನೂರ ಎಂಬತ್ತು, ಪ್ರತಿಯೊಂದಕ್ಕೂ ಮಂಡಲಿಯ ಅನುಮತಿ. ಆ ಮಂಡಲಿಯ ಅಧ್ಯಕ್ಷರು ಜಿಲ್ಲಾ ನ್ಯಾಯಾಧೀಶರ ದರ್ಜೆಯವರು. ಸದಸ್ಯರಲ್ಲಿ ಈ ಕಾಯಿಲೆಯನ್ನು ಅನುಭವಿಸಿದವರಿಗೂ ಆರೈಕೆ ಮಾಡಿದವರಿಗೂ ಸ್ಥಾನವುಂಟು. ಸರಪಣಿ ಯಾವ ರೂಪದಲ್ಲಿಯೂ ನಿಷಿದ್ಧ. ಅರಿವಳಿಕೆಯಿಲ್ಲದೆ ವಿದ್ಯುತ್ ಚಿಕಿತ್ಸೆ ನಿಷಿದ್ಧ. ಮಿದುಳಿನ ಶಸ್ತ್ರಕ್ರಿಯೆಗೆ ರೋಗಿಯ ಒಪ್ಪಿಗೆಯ ಜೊತೆಗೆ ಮಂಡಲಿಯ ಅನುಮತಿಯೂ ಬೇಕು. ಅಲೆಯುವವರನ್ನು ಪೊಲೀಸರು ‘ರಕ್ಷಣೆಗೆ’ ತೆಗೆದುಕೊಂಡು ಆಸ್ಪತ್ರೆಗೆ ಒಯ್ಯಬೇಕೇ ಹೊರತು ಲಾಕಪ್ಪಿಗಲ್ಲ. ಮನೆಯವರು ಒಲ್ಲೆವೆಂದರೆಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ಈ ಕೊನೆಯ ವಾಕ್ಯವನ್ನು ಬರೆಯುವುದು ಸುಲಭ. ಇಟಲಿಯಲ್ಲಿ ೧೯೭೮ರ ಕಾಯಿದೆಯಿಂದ ಹುಚ್ಚಾಸ್ಪತ್ರೆಗಳನ್ನೇ ಮುಚ್ಚುತ್ತ ಬಂದಾಗ ಹೊರಗೆ ಬಂದವರನ್ನು ನೋಡಿಕೊಳ್ಳುವ ಏರ್ಪಾಡು ಕೆಲವು ಊರುಗಳಲ್ಲಿ ಇತ್ತು, ಕೆಲವೆಡೆ ಇರಲಿಲ್ಲ. ಇಲ್ಲದೆಡೆ ಭಾರವೆಲ್ಲ ಮನೆಯವರ ಮೇಲೆ ಬಿತ್ತು. ನಮ್ಮಲ್ಲಿಯೂ ಅನೇಕ ರಾಜ್ಯಗಳಲ್ಲಿ ಮಂಡಲಿಗಳು ಬೇಗನೆ ರಚನೆಯಾಗಲಿಲ್ಲ. ಮನೆಯವರ ಕಷ್ಟವನ್ನು ಈ ಕಾಯಿದೆ ಸಾಲದಷ್ಟು ಕೇಳಿದೆ ಎಂದು ವೈದ್ಯರಲ್ಲಿಯೇ ಹಲವರ ಆಕ್ಷೇಪ. ನಾನು ವೈದ್ಯನೂ ಅಲ್ಲ, ವಕೀಲನೂ ಅಲ್ಲ. ಆದರೂ ರಾತ್ರಿ ಎರಡು ಗಂಟೆಗೆ ಗಣಿಯ ಬಾಯಿಗೆ ನಡೆಯುವ ತಮ್ಮನನ್ನು ಹಿಂಬಾಲಿಸಿದ ಅಕ್ಕನಿಗೆ ಕಾಯಿದೆಯ ಯಾವ ಪ್ರಕರಣ ತಾನೆ ಸಾಕಾದೀತು ಎಂದು ನನಗೆ ಅನ್ನಿಸಿದೆ. ಆ ತಮ್ಮನ ಕೈಗೆ ಕಟ್ಟಿದ ವಸ್ತ್ರವನ್ನು ಕಂಡ ಮೇಲೆ, ಅಕ್ಕನ ಪ್ರೀತಿಯೊಂದೇ ಸಾಕೆಂದು ಹೇಳುವ ಧೈರ್ಯವೂ ನನಗಿಲ್ಲ.

ಮಾವ ಮೂರು ತಿಂಗಳ ಮೇಲೆ ಬಂದರು. ಮಾತ್ರೆಯಿಂದ ಕೈ ನಡುಗುತ್ತಿತ್ತು. ಮುತ್ತಿನಂಥ ಅಕ್ಷರ ಹೋಯಿತು. ಕೆಲಸಕ್ಕೆ ಮರಳಿದರು. ಬಹಳ ದಿನ ನಮ್ಮ ತಾಯಿಯೊಡನೆ ಸರಿಯಾಗಿ ಮಾತನಾಡಲಿಲ್ಲ. ಒಂದು ದಿನ ಊಟಕ್ಕೆ ಕುಳಿತಾಗ, “ಅಕ್ಕಾ, ಸಹಿ ಹಾಕಿದ್ದು ನೀನೇ ತಾನೆ?” ಎಂದರು. “ಹೂಂ ಕಣೋ, ನಾನೇ” ಎಂದು ಆಕೆ ಇನ್ನಷ್ಟು ಸಾರು ಬಡಿಸಿದರು. ಅಷ್ಟೇ. ಐದಾರು ವರ್ಷಗಳ ಮೇಲೆ ಆ ಕರೆ ಮತ್ತೆ ಕೇಳಿಸತೊಡಗಿದಾಗ ಅವರೇ ಬಂದು, “ಅಕ್ಕಾ, ಈ ಸಲ ನಾನೇ ಹೋಗ್ತೀನಿ. ಕೈಗೆ ಏನೂ ಬೇಡ” ಎಂದರು. ಕಿರುಬಾಗಿಲಿನ ದಾರಿಯಲ್ಲಿ ಸೇರಿ, ಬೇಗನೆ ಗುಣವಾಗಿ ಮರಳಿದರು. ೨೦೦೯ರಲ್ಲಿ ಹೃದಯದ ಕಾಯಿಲೆಯಿಂದ ತೀರಿಕೊಂಡರು.

ಹೊಸ ಕಾಯಿದೆ ಬಂದಾಗ ಪ್ರತಿನಿಧಿಯನ್ನು ತಾವೇ ಹೆಸರಿಸಬಹುದೆಂಬ ವಿಷಯವನ್ನು ತಾಯಿಗೆ ಓದಿ ಹೇಳಿದೆ. ಆಕೆಗೆ ಆಗ ಎಂಬತ್ತು ದಾಟಿತ್ತು. ಕಿವಿಗೊಟ್ಟು ಕೇಳಿ, “ಆವಾಗ ಇದು ಇದ್ದಿದ್ರೆ ಅವನು ಯಾರ ಹೆಸರು ಬರೀತಿದ್ದ?” ಎಂದರು.

“ನಿನ್ನ ಹೆಸರೇ ಅಮ್ಮ” ಎಂದೆ.

ಆಕೆ ನಂಬಿದ ಹಾಗೆ ಕಾಣಲಿಲ್ಲ. ಆ ಕಾಗದವನ್ನು ಇನ್ನೊಂದು ಸಲ ಓದು ಎಂದರು.